ಸುಳ್ಳು ಹಾಲಿನ ಮೇಷ್ಟ್ರು

ಹೋದ ವಾರ ನಮ್ಮ ಸರ್ ತೀರಿಕೊಂಡರು. ಸುದ್ದಿ ಕೊಟ್ಟವನು ನನ್ನ ಹಳೆಯ ಆಫೀಸಿನ ಗೆಳೆಯ, ಮೀರತ್ ಕಡೆಯವನು. ಫೋನಿನಲ್ಲಿ "ವೋ ಸುಲ್ಲು ವಾಲೇ ಸರ್ ನಹೀ ರಹೇ" ಎಂದ. ಅವನಿಗೆ ಬರುವ ಕನ್ನಡ ಅದೊಂದೇ ಪದ. ಅವನಿಗಷ್ಟೇ ಅಲ್ಲ, ನೋಯ್ಡಾದ ಆ ಆನಿಮೇಷನ್ ಸ್ಟುಡಿಯೋದ ಇಡೀ ಮಹಡಿಗೆ, ಪಂಜಾಬಿ, ಬಿಹಾರಿ, ಬಂಗಾಳಿ ಎನ್ನದೆ ಎಲ್ಲರಿಗೂ, ಸರ್ ಕಲಿಸಿದ ಕನ್ನಡ ಅಷ್ಟೇ: ಸುಳ್ಳು. ಹೊರನಾಡಿನಲ್ಲಿ ಕನ್ನಡ ಬೆಳೆಸುವವರು ಸಾಮಾನ್ಯವಾಗಿ ಬೇರೆ ಪದದಿಂದ ಶುರು ಮಾಡುತ್ತಾರೆ.

ಹಾಗೆಂದು ಸರ್ ಸುಳ್ಳು ಹೇಳುವವರಲ್ಲ. ತೊಂದರೆಯೆಲ್ಲ ಬಂದದ್ದೇ ಅದರಿಂದ.

ಅವರು ಚಿತ್ರದುರ್ಗದವರು. ಗ್ರೇಟರ್ ನೋಯ್ಡಾದ ಖಾಸಗಿ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ದ್ರವಗಳ ಪಾಠ ಮಾಡುತ್ತಿದ್ದರು. ನೀರು ಹೇಗೆ ಹರಿಯುತ್ತದೆ, ಎಣ್ಣೆ ಯಾಕೆ ನಿಧಾನ, ಅಂಥದ್ದು. ಒಂದು ವರ್ಷ ಆಡಳಿತ ಮಂಡಳಿಯವರು ಪ್ರಯೋಗಾಲಯದ ಗಾಜಿನ ನೀರಿನ ತೊಟ್ಟಿಯನ್ನು ಎತ್ತಿಸಿ ಮುಂಬಾಗಿಲ ಹತ್ತಿರ ಇಡಿಸಿ ಬಣ್ಣದ ಮೀನು ಬಿಟ್ಟರು. ಪೋಷಕರಿಗೆ ತುಂಬ ಇಷ್ಟವಾಯಿತಂತೆ. ಸರ್ ಅದೇ ವಾರ ರಾಜೀನಾಮೆ ಕೊಟ್ಟು, ಪತ್ರಿಕೆಯಲ್ಲಿ 'ಫ್ಲೂಯಿಡ್' ಎಂಬ ಪದ ಇದ್ದ ಏಕೈಕ ಜಾಹೀರಾತು ನೋಡಿಕೊಂಡು ನಮ್ಮ ಸ್ಟುಡಿಯೋಗೆ ಬಂದರು. ಟೀವಿಯ ಪೌರಾಣಿಕ ಧಾರಾವಾಹಿಗಳಿಗೆ ಸಮುದ್ರ, ಪ್ರಳಯ, ಅಮೃತ ಇತ್ಯಾದಿ ತಯಾರಿಸುವುದು ನಮ್ಮ ಕೆಲಸ ಎಂದು ತಿಳಿದಾಗಲೂ ಅವರ ಮುಖ ಬದಲಾಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು.

ನಾನು ಆಗ ದಾವಣಗೆರೆಯಲ್ಲಿ ಚಿತ್ರಕಲೆ ಓದಿ, ಮಯೂರ್ ವಿಹಾರದಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದು ಅಲ್ಲಿ ಹೊಸದಾಗಿ ಸೇರಿದ್ದವಳು. ದ್ರವಗಳ ತಂಡವೆಂದರೆ ನಾವು ನಾಲ್ಕೈದು ಮಂದಿ. ಕಂಪ್ಯೂಟರಿನಲ್ಲಿ ಒಂದು ತಂತ್ರಾಂಶ ಇತ್ತು. ಅದರಲ್ಲಿ ನೀರು, ಎಣ್ಣೆ, ಜೇನು ಎಂದು ಸಿದ್ಧ ದ್ರವಗಳು; ಕೊನೆಯಲ್ಲಿ 'ಕಸ್ಟಮ್' ಎಂಬ ಒಂದು ಬಾಗಿಲು. ಅದನ್ನು ತೆರೆದರೆ ಖಾಲಿ ಮನೆಗಳು: ಸಾಂದ್ರತೆ ಎಷ್ಟು, ಸ್ನಿಗ್ಧತೆ ಎಷ್ಟು, ಹೆಸರೇನು. ಸ್ನಿಗ್ಧತೆ ಅಂದರೆ ದ್ರವ ಹರಿಯುವುದಕ್ಕೆ ಎಷ್ಟು ಹಟ ಮಾಡುತ್ತದೆ ಎನ್ನುವ ಲೆಕ್ಕ. ಇದು ನನಗೆ ಸರ್ ಬಂದಮೇಲೆ ತಿಳಿದದ್ದು. ಅದಕ್ಕೆ ಮೊದಲು ಸ್ನಿಗ್ಧತೆ ಎಂದರೆ ನಮಗೆ ಮೇಲಿನಿಂದ ಎರಡನೇ ಮನೆ. ಮಾಲೀಕರು ಹಿಂದೆ ನಿಂತು "ಥೋಡಾ ಔರ್, ಥೋಡಾ ಔರ್, ಬಸ್" ಎನ್ನುವವರೆಗೆ ಅಲ್ಲಿನ ಸಂಖ್ಯೆ ಏರಿಸುತ್ತಿದ್ದೆವು. ಆ ದ್ರವಗಳಿಗೆ ನಾವು ಇಟ್ಟ ಹೆಸರುಗಳು 'ಫೈನಲ್', 'ಫೈನಲ್ ನ್ಯೂ', 'ಪಕ್ಕಾ ಫೈನಲ್'.

ಸರ್ ಮೊದಲ ದಿನ ನನ್ನ ಪಕ್ಕ ಕೂತು ಕ್ಷೀರಸಾಗರ ನೋಡಿದರು. ದೇವತೆಗಳು ಒಂದು ಕಡೆ, ರಾಕ್ಷಸರು ಇನ್ನೊಂದು ಕಡೆ, ನಡುವೆ ಕಡೆಯುವ ಬೆಟ್ಟ. ಬಹಳ ಹೊತ್ತು ನೋಡಿ, "ಈ ಸಮುದ್ರ ಎಷ್ಟು ದೊಡ್ಡದಮ್ಮಾ?" ಎಂದು ಕೇಳಿದರು.

"ತುಂಬಾ ದೊಡ್ಡದು ಸರ್. ಸಮುದ್ರ ಅಲ್ವಾ?"

"ಅದು ಕಥೆಯಲ್ಲಿ. ಇಲ್ಲಿ ಎಷ್ಟಿದೆ?"

ಅಳೆದು ನೋಡಿದೆವು. ಯಾರೋ ಬೆಟ್ಟವನ್ನು ಬೆರಳಿನಷ್ಟು ಉದ್ದ ಮಾಡಿ ಇಟ್ಟಿದ್ದರು. ತಂತ್ರಾಂಶಕ್ಕೆ ಪುರಾಣ ಗೊತ್ತಿಲ್ಲವಲ್ಲ. ಅದು ಬೆರಳಿನಷ್ಟು ಬೆಟ್ಟಕ್ಕೆ ತಕ್ಕ ಅಲೆಗಳನ್ನೇ ಎಬ್ಬಿಸುತ್ತಿತ್ತು. ಸರ್ ಕನ್ನಡಕ ತೆಗೆದು ಒರೆಸಿಕೊಂಡು, "ಇದು ಸಮುದ್ರ ಅಲ್ಲಮ್ಮಾ, ಲೋಟ. ಇಷ್ಟು ಜನ ದೇವತೆಗಳು ಸೇರಿ ಹಾರ್ಲಿಕ್ಸ್ ಕಲಸ್ತಾ ಇದಾರೆ" ಎಂದರು. ನಗಲಿಲ್ಲ. ಅವರು ನಕ್ಕಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ.

ಸಣ್ಣ ಆಳು. ಹೋಳಿ ಮುಗಿಯುವವರೆಗೂ ಸ್ವೆಟರ್ ಬಿಚ್ಚುತ್ತಿರಲಿಲ್ಲ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸ್ಟೀಲ್ ಚಮಚ ಇರುತ್ತಿತ್ತು. ಕಣ್ಣಿಗೆ ಬಿದ್ದ ಯಾವ ದ್ರವವನ್ನೂ ಚಮಚದಲ್ಲಿ ಎತ್ತಿ, ಬಿಟ್ಟು, ಅದು ಬೀಳುವ ರೀತಿಯನ್ನು ನೋಡದೆ ಅವರು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಆಫೀಸಿನ ಕೆಳಗಿನ ಚಹಾ ಭಯ್ಯಾ ಮೊದಮೊದಲು ಇದನ್ನು ಅವಮಾನವೆಂದು ತಿಳಿದು ಮುಖ ಗಂಟಿಕ್ಕಿಕೊಂಡಿದ್ದ. ಆಮೇಲೆ ರೂಢಿಯಾಗಿ, ತಾನೇ ಸೌಟಿನಿಂದ ಎತ್ತಿ ಬಿಟ್ಟು, "ದೇಖ್ ಲೀಜಿಯೇ ಸರ್" ಎಂದು ತೋರಿಸಿಯೇ ಲೋಟಕ್ಕೆ ಹಾಕುತ್ತಿದ್ದ. ಪೀತಮ್‌ಪುರದಲ್ಲಿ ಉಡುಪಿ ಕಡೆಯ ಹೋಟೆಲಿನವರೊಬ್ಬರ ಗೃಹಪ್ರವೇಶಕ್ಕೆ ಸರ್ ಮನೆಯವರ ಜೊತೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಊಟದ ನಡುವೆ ಸರ್ ಜೇಬಿನಿಂದ ಚಮಚ ತೆಗೆದು ಪಾಯಸ ಎತ್ತಿ ಹಿಡಿದದ್ದು ಕಂಡು ಯಜಮಾನರು ಓಡಿಬಂದರು.

"ಎಂತ ಸರ್, ಎಂತಾದ್ರೂ ಬಿದ್ದಿದೆಯಾ?"

"ಇಲ್ಲ ಸ್ವಾಮಿ, ಚೆನ್ನಾಗಿದೆ. ಹೇಗೆ ಬೀಳುತ್ತೆ ಅಂತ ನೋಡ್ತಾ ಇದೀನಿ."

ಯಜಮಾನರು ಅಡುಗೆಯವನನ್ನು ಕರೆಸಿ ತಾವೂ ಒಂದಿಷ್ಟು ಎತ್ತಿ ಬಿಟ್ಟು ನೋಡಿದರು. ಏನು ನೋಡಬೇಕೆಂದು ಗೊತ್ತಾಗದೆ ಒಳಗೆ ಹೋದರು. ಪಕ್ಕದಲ್ಲಿ ಕೂತಿದ್ದ ಆಂಟಿ, ಎಂದರೆ ಸರ್ ಹೆಂಡತಿ, ಎಲೆಯಿಂದ ತಲೆ ಎತ್ತಲಿಲ್ಲ. "ಈ ಚಮಚ ನನ್ನ ಅಡುಗೆಮನೆಗೆ ಬರಬಾರದು ಅಂತ ಕಟ್ಟುನಿಟ್ಟು ಮಾಡಿದೀನಿ ಕಣಮ್ಮಾ. ನನ್ನ ಸಾರು, ನನ್ನ ಕಾಫಿ, ಕೊಟ್ಟದ್ದು ಕುಡೀಬೇಕು. ಆಫೀಸಿನ ಹುಚ್ಚೆಲ್ಲ ಚಪ್ಪಲಿ ಜೊತೆ ಹೊರಗೆ" ಎಂದು ನನಗೆ ಮೆಲ್ಲಗೆ ಹೇಳಿದರು. ಚಮಚ ನಿಜವಾಗಿಯೂ ಅವರ ಮನೆಯ ಚಪ್ಪಲಿ ಗೂಡಿನ ಮೇಲೆ ಇರುತ್ತಿತ್ತು. ಅದನ್ನು ಆಮೇಲೆ ನಾನೇ ನೋಡಿದೆ.

ಕ್ಷೀರಸಾಗರದ ವಿಷಯಕ್ಕೆ ಬರುತ್ತೇನೆ. ಸರ್ ಬೆಟ್ಟವನ್ನು ಬೆಟ್ಟದಷ್ಟು ಮಾಡಿಸಿದರು. ಬೂತಿನಿಂದ ಹಾಲಿನ ಪ್ಯಾಕೆಟ್‌ಗಳನ್ನು ತಂದು, ಎತ್ತಿ ಬಿಟ್ಟು, ಪುಸ್ತಕ ನೋಡಿ, ನಿಜವಾದ ಹಾಲಿನ ಗುಣಗಳನ್ನೇ ಕಸ್ಟಮ್ ಮನೆಗಳಲ್ಲಿ ತುಂಬಿದರು. ಹಸುವಿನದಾ ಎಮ್ಮೆಯದಾ ಎಂದು ಮಾಲೀಕರನ್ನು ಕೇಳಲು ಹೋಗಿ, ಅವರು ಫೋನಿನಲ್ಲಿದ್ದುದರಿಂದ ತಾವೇ ಹಸು ಎಂದು ತೀರ್ಮಾನಿಸಿದರು. ಲೆಕ್ಕ ಮುಗಿದು ದೃಶ್ಯ ತೆರೆಯ ಮೇಲೆ ಬಂತು. ಮಾಲೀಕರು ನೋಡಿದರು. "ಯೇ ತೋ ಪಾನಿ ಹೈ. ಸಫೇದ್ ಪಾನಿ."

ಬಿಳಿ ನೀರು ಎಂದು ಮಾಲೀಕರು ಹೇಳಿದ್ದು ಸರಿಯಾಗಿಯೇ ಇತ್ತು. ಸಮುದ್ರದಷ್ಟು ಹಾಲು ಇದ್ದರೆ ಅದು ಥೇಟ್ ನೀರಿನ ಹಾಗೆಯೇ ಚಿಮ್ಮುತ್ತದೆ, ಜೇನು ತುಂಬಿದರೂ ಹೆಚ್ಚು ಕಡಿಮೆ ಹಾಗೆಯೇ ಎಂದು ಸರ್ ವಿವರಿಸಿದರು. ಮಾಲೀಕರಿಗೆ ವಿವರಣೆ ಬೇಕಿರಲಿಲ್ಲ. ಜಾಹೀರಾತಿನಲ್ಲಿ ಬರುವ ಹಾಲಿನಂತೆ ದಪ್ಪಗೆ, ಮಡಿಕೆ ಮಡಿಕೆಯಾಗಿ ಏಳಬೇಕಿತ್ತು. ಅದಕ್ಕೆ ಡಾಂಬರಿಗೂ ಇಲ್ಲದಷ್ಟು ಸ್ನಿಗ್ಧತೆ ಹಾಕಬೇಕು. ಸರ್ ಒಪ್ಪಲಿಲ್ಲ. ಒಂದೆರಡು ದಿನ ಆಫೀಸಿನಲ್ಲಿ ಅವರಿಬ್ಬರೂ ಲಿಫ್ಟ್ ಹಂಚಿಕೊಳ್ಳಲಿಲ್ಲ. ಕೊನೆಗೆ ಸರ್ ತಾವೇ ಅವರ ಕೋಣೆಗೆ ಹೋಗಿ ಕೇಳಿದರು, ನಿಮಗೆ ಬೇಕಾದದ್ದು ಹಾಲಾ, ಹಾಲಿನ ಹಾಗೆ ಕಾಣೋದಾ?

"ದಿಖ್‌ನಾ ಚಾಹಿಯೇ ಜೀ, ಪೀನಾ ಕಿಸ್‌ಕೋ ಹೈ!"

ಕಂಡರೆ ಸಾಕು, ಕುಡಿಯುವವರು ಯಾರು ಎಂದಮೇಲೆ ಸರ್ ತಿರುಗಿ ಬಂದು ಕೂತು, ಹೊಸ ದ್ರವ ತೆರೆದು, ಬೇಕಾದ ಅಸಾಧ್ಯ ಸಂಖ್ಯೆಯನ್ನು ತುಂಬಿ, ಹೆಸರಿನ ಮನೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಸುಳ್ಳು ಹಾಲು' ಎಂದು ಒತ್ತಿದರು. ದೃಶ್ಯ ಅದ್ಭುತವಾಗಿ ಬಂತು. ಮಾಲೀಕರು ಲಡ್ಡು ಹಂಚಿದರು.

ಅಲ್ಲಿಂದ ಅದು ಸಂಪ್ರದಾಯವಾಯಿತು. ಸರ್ ಯಾವ ಸುಳ್ಳು ಸಂಖ್ಯೆಯನ್ನಾದರೂ ಹಾಕಿಕೊಡುತ್ತಿದ್ದರು, ಹೆಸರಿನ ಮುಂದೆ ಸುಳ್ಳು ಎಂದು ಬರೆಯುವ ಹಕ್ಕನ್ನು ಮಾತ್ರ ಬಿಟ್ಟುಕೊಡುತ್ತಿರಲಿಲ್ಲ. ಸುಳ್ಳು ರಕ್ತ, ಸುಳ್ಳು ತುಪ್ಪ, ಸುಳ್ಳು ಲಾವಾ. ಯಾಕೆ ಸರ್ ಎಂದು ನಾನೊಮ್ಮೆ ಕೇಳಿದೆ. ಮೊಸರನ್ನ ಊಟ ಮಾಡುತ್ತಿದ್ದರು. "ಸುಳ್ಳು ಹೇಳ್ದೋನು ಕೆಲಸ ಬಿಟ್ಟು ಹೋಗ್ತಾನಮ್ಮಾ. ನಂಬರು ಇಲ್ಲೇ ಕೂತಿರುತ್ತೆ. ಮುಂದೆ ಬಂದೋನು ಹಾಲು ಅಂದ್ರೆ ಇಷ್ಟೇ ಅಂದ್ಕೋತಾನೆ. ಸುಳ್ಳು ಬೇಕಾಗುತ್ತೆ, ಬೇಡ ಅನ್ನಲ್ಲ. ಮೇಲೆ ಬರೆದಿರಬೇಕು, ಅಷ್ಟೇ" ಎಂದು ಉಪ್ಪಿನಕಾಯಿಯ ಮುಚ್ಚಳ ಹಾಕಿದರು. ಉಳಿದವರಿಗೆ ಈ ತತ್ವವೆಲ್ಲ ಬೇಡವಾಗಿತ್ತು, ಪದ ಬೇಕಾಗಿತ್ತು. ಆರು ತಿಂಗಳಲ್ಲಿ ಮಾಲೀಕರೇ ನಮ್ಮ ಹಿಂದೆ ನಿಂತು "ಇಸ್‌ಮೇ ಥೋಡಾ ಸುಲ್ಲು ಡಾಲೋ" ಎನ್ನತೊಡಗಿದರು.

ಒಮ್ಮೆ ಮಾತ್ರ ಇದು ನೌಕರಿಗೆ ಕುತ್ತು ತರುವ ಹಾಗಾಯಿತು. ಗಂಗೆ ಆಕಾಶದಿಂದ ಇಳಿಯುವ ದೃಶ್ಯದ ಮಾದರಿ ಚಾನೆಲ್‌ಗೆ ಹೋಗಿತ್ತು. ಚಿತ್ರದ ಮೂಲೆಯಲ್ಲಿ ಬಳಸಿದ ದ್ರವದ ಹೆಸರು ತಾನಾಗಿ ಅಚ್ಚಾಗುತ್ತಿತ್ತು. ಚಾನೆಲ್ಲಿನಲ್ಲಿದ್ದ ಒಬ್ಬಾಕೆ ಬೆಂಗಳೂರಿನವಳು. ಫೋನ್ ಮಾಡಿ, ಇದು ಯಾಕೆ ಸುಳ್ಳು ಗಂಗೆ ಎಂದು ಕೇಳಿದಳು. ಮಾಲೀಕರಿಗೆ ಆ ಪದದ ಅರ್ಥ ಗೊತ್ತಾದದ್ದು ಆಗಲೇ. ಬೆವೆತುಹೋದರು. ಜನ ಸ್ಟುಡಿಯೋಗೆ ಬೆಂಕಿ ಹಚ್ಚುತ್ತಾರೆ, ಈಗಲೇ ಹೆಸರು ತೆಗೆಯಿರಿ ಎಂದು ಕೂಗಾಡಿದರು. ಸರ್ ಶಾಂತವಾಗಿ, ಹೆಸರು ತೆಗೆದರೆ ಸಂಖ್ಯೆಯನ್ನೂ ತೆಗೆಯುತ್ತೇನೆ ಎಂದರು. ನಿಜವಾದ ನೀರಿನ ಗುಣಗಳನ್ನು ಹಾಕಿ ದೃಶ್ಯ ಓಡಿಸಿದರು. ಅಷ್ಟು ಎತ್ತರದಿಂದ ಬಿಟ್ಟ ನೀರು ಅರ್ಧ ದಾರಿಯಲ್ಲೇ ಹರಿದು ಚೂರಾಗಿ, ತುಂತುರಾಗಿ, ಮಂಜಾಗಿ ಚದುರಿಹೋಯಿತು. ಕೆಳಗೆ ಋಷಿಗಳು ಕೈಮುಗಿದುಕೊಂಡು ನಿಂತೇ ಇದ್ದರು, ಗಂಗೆ ಬರಲೇ ಇಲ್ಲ.

ಮಾಲೀಕರು ದೃಶ್ಯವನ್ನು ಇನ್ನೊಮ್ಮೆ ಓಡಿಸಿ ನೋಡಿದರು. ಆಮೇಲೆ "ಚಲೋ, ವಾಪಸ್ ಸುಲ್ಲು" ಎಂದು ಹೊರಟುಹೋದರು. ಹೊರಗೆ ಕಳಿಸುವ ಚಿತ್ರಗಳಲ್ಲಿ ಮೂಲೆಯ ಅಚ್ಚು ನಿಂತಿತು. ಒಳಗೆ ಹೆಸರು ಹಾಗೆಯೇ ಉಳಿಯಿತು.

ಮೂರ್ನಾಲ್ಕು ವರ್ಷಕ್ಕೆ ನಾನು ಗುಡಗಾಂವಿನ ಬೇರೆ ಸ್ಟುಡಿಯೋಗೆ ಹೋದೆ. ಸರ್ ಜೊತೆ ಯುಗಾದಿಗೆ, ದೀಪಾವಳಿಗೆ ಫೋನು. ಹೋದ ವರ್ಷದ ಚಳಿಗಾಲದಲ್ಲಿ ಆಂಟಿ ಫೋನ್ ಮಾಡಿ, ಸರ್‌ಗೆ ಲಕ್ವ ಹೊಡೆದಿತ್ತು, ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದೇವೆ ಎಂದರು. ಬಲಗೈ ಏಳುವುದಿಲ್ಲ, ಮಾತು ಒಂದೊಂದೇ ಪದ. ಅದಕ್ಕಿಂತ ಹೆಚ್ಚಾಗಿ ನುಂಗುವ ಶಕ್ತಿ ಕೆಟ್ಟಿತ್ತು. ತೆಳುವಾದದ್ದು ಏನು ಕೊಟ್ಟರೂ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುವ ಭಯ. ನೀರು, ಕಾಫಿ, ಸಾರು, ಏನೇ ಆದರೂ ಒಂದು ಪುಡಿ ಬೆರೆಸಿ ಜೇನಿನ ಹದಕ್ಕೆ ತಂದು ಕೊಡಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ಬಾಯಿಗೆ ಏನೂ ಮುಟ್ಟಿಸ್ತಿಲ್ಲಮ್ಮಾ. ಹೀಗೇ ಆದ್ರೆ ನಾಳಿದ್ದು ಮತ್ತೆ ಅಡ್ಮಿಟ್ ಮಾಡಿ ಮೂಗಿಗೆ ನಳಿಗೆ ಹಾಕ್ತೀವಿ ಅಂದಿದಾರೆ. ಹೋದ ಸಲ ಕಿತ್ತು ಹಾಕ್ತಾರೆ ಅಂತ ಕೈ ಮಂಚಕ್ಕೆ ಕಟ್ಟಿದ್ರು. ಅದನ್ನ ಇನ್ನೊಂದು ಸಲ ನೋಡೋಕೆ ನನ್ನ ಕೈಲಾಗಲ್ಲ. ನೀನು ಹೇಳಿದ್ರೆ ಕೇಳ್ತಾರೇನೋ, ಬಾ" ಎಂದು ಅತ್ತರು.

ಹೋದೆ. ಸರ್ ಮನೆಯೂ ಮಯೂರ್ ವಿಹಾರದಲ್ಲೇ. ಅಲ್ಲಿಗೆ ಮೆಟ್ರೋ ಇನ್ನೂ ಬಂದಿರಲಿಲ್ಲ, ಕಂಬಗಳು ಬಂದಿದ್ದವು. ಚಪ್ಪಲಿ ಗೂಡಿನ ಮೇಲೆ ಚಮಚ ಇರಲಿಲ್ಲ. ಒಳಗೆ ಸರ್ ಬಾಲ್ಕನಿ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದರು, ಚಮಚ ಎಡಗೈಯಲ್ಲಿತ್ತು. ಆಂಟಿ ಸೋತದ್ದು ಅದನ್ನು ನೋಡಿದಾಗಲೇ ನನಗೆ ತಿಳಿಯಿತು. ತುಟಿ ಒಡೆದಿತ್ತು. ನನ್ನನ್ನು ಕಂಡು ಅರ್ಧ ಮುಖದಲ್ಲಿ ಏನೋ ಮಾಡಿದರು. ಅದನ್ನು ನಗೆ ಎಂದೇ ತಿಳಿದುಕೊಂಡೆ.

ಆಂಟಿ ಕಾಫಿ ತಂದರು. ಕಾಫಿಯ ಬಣ್ಣ, ಕಾಫಿಯ ಪರಿಮಳ. "ರೀ, ಕಾಫಿ ಕಣ್ರೀ. ನಾನೇ ಡಿಕಾಕ್ಷನ್ ಇಳಿಸಿದ್ದು."

ಕಾಲೇಜಿಗೆ ಹೋಗುವ ಮಗಳು ಪಕ್ಕದಲ್ಲಿ ಮಂಡಿಯೂರಿ ಕೂತಳು. "ಅಪ್ಪಾ, ಸಿರ್ಫ್ ಏಕ್ ಸಿಪ್. ಕಾಫಿನೇ ಇದು, ಸಚ್ಚಿ. ಪ್ರಾಮಿಸ್."

ಸರ್ ಚಮಚವನ್ನು ಲೋಟದಲ್ಲಿ ಅದ್ದಿದರು. ಎತ್ತಿ, ಓರೆ ಮಾಡಿ, ಬಿಟ್ಟರು. ಕಾಫಿ ಚಮಚದಿಂದ ಹೊರಡಲು ಯೋಚಿಸಿತು, ನಿಧಾನವಾಗಿ ಇಳಿಯಿತು, ಲೋಟದ ಮೇಲೆ ಒಂದು ಮಡಿಕೆಯಾಗಿ ಕೂತಿತು. ಸರ್ ಚಮಚ ಹೊರಗಿಟ್ಟರು. "ಅ... ಲ್ಲ" ಎಂದು ಗೋಡೆ ಕಡೆ ಮುಖ ತಿರುಗಿಸಿದರು.

"ನೋಡಿದ್ರಾ ದೀದಿ? ಹರ್ ಬಾರ್ ಹೀಗೇ. ಕಾಫಿ ಯಾವುದು ಅಂತಾನೂ ಗೊತ್ತಾಗ್ತಿಲ್ಲ ಅಪ್ಪಂಗೆ" ಎಂದು ಮಗಳು ಬಿಕ್ಕಿದಳು. ಡಾಕ್ಟರೂ ಹಾಗೇ ಹೇಳಿದ್ದರಂತೆ, ಗುರುತು ಹಿಡಿಯುವ ಶಕ್ತಿ ಹೋಗಿರಬಹುದು ಎಂದು.

ನನಗೆ ಸಿಟ್ಟು ಬಂತು, ಅಳುವೂ ಬಂತು. ಇಡೀ ದಿಲ್ಲಿಯಲ್ಲಿ ಆ ಲೋಟದಲ್ಲಿ ಇರುವುದು ಏನು ಎಂದು ಸರಿಯಾಗಿ ಗುರುತು ಹಿಡಿದವರು ಅವರೊಬ್ಬರೇ. ಅದಕ್ಕೆ ಅವರಿಗೆ ಮರುಳು ಎನ್ನುತ್ತಿದ್ದರು. ಔಷಧಿ ಡಬ್ಬಿಯಲ್ಲಿ ಬಿಳಿ ಪ್ಲಾಸ್ಟರ್ ಇತ್ತು. ಆಂಟಿಯ ಕೈಗೆ ಅದನ್ನೂ ಪೆನ್ನನ್ನೂ ಕೊಟ್ಟು, "ಲೋಟಕ್ಕೆ ಅಂಟಿಸಿ, ಸುಳ್ಳು ಕಾಫಿ ಅಂತ ಬರೀರಿ ಆಂಟಿ" ಎಂದೆ.

ಆಂಟಿ ನನ್ನನ್ನು ಹೊಸದಾಗಿ ನೋಡುವ ಹಾಗೆ ನೋಡಿದರು. "ಏನಂದೆ?"

ಅಡುಗೆಮನೆಗೆ ಕರೆದುಕೊಂಡು ಹೋಗಿ ಸುಳ್ಳು ಹಾಲಿನ ಕಥೆ ಹೇಳಿದೆ. ಸುಳ್ಳು ಗಂಗೆಯದ್ದೂ ಹೇಳಿದೆ. ಅಷ್ಟು ವರ್ಷ ಆಫೀಸಿನಲ್ಲಿ ನಡೆದದ್ದು ಅವರಿಗೆ ಒಂದೂ ಗೊತ್ತಿರಲಿಲ್ಲ. ಹುಚ್ಚೆಲ್ಲ ಚಪ್ಪಲಿ ಜೊತೆ ಹೊರಗೇ ಉಳಿದಿತ್ತಲ್ಲ. ಆಂಟಿ ಕಟ್ಟೆಗೆ ಒರಗಿ ನಿಂತರು.

"ಮದುವೆ ಆದಾಗಿನಿಂದ ನನ್ನ ಕಾಫಿ ಒಂದನ್ನ ಅವರು ಎತ್ತಿ ಬಿಟ್ಟು ನೋಡಿದೋರಲ್ಲ. ಅದಕ್ಕೆ ನಾನೇ, ನನ್ನ ಕೈಯಾರೆ, ಸುಳ್ಳು ಅಂತ ಬರೀಲಾ?"

"ಮೂಗಿನ ನಳಿಗೆಗಿಂತ ವಾಸಿ ಅಲ್ವಾ ಆಂಟಿ?"

ಆಂಟಿ ಸೆರಗಿನಿಂದ ಲೋಟದ ಹೊರಮೈ ಒರೆಸಿದರು. ಪ್ಲಾಸ್ಟರ್ ಹರಿದು ಅಂಟಿಸಿದರು. ಶಾಲೆಯ ಹುಡುಗಿಯ ಹಾಗೆ ದುಂಡಗೆ ಬರೆದರು. ಹೊರಗೆ ಬಂದು, ಕಾಫಿ ಕಣ್ರೀ ಎನ್ನಲಿಲ್ಲ. ಬರೆದ ಕಡೆಯನ್ನು ಸರ್ ಮುಖಕ್ಕೆ ತಿರುಗಿಸಿ ಹಿಡಿದು, "ಓದಿ" ಎಂದರು.

ಸರ್ ಓದಿದರು. ಲೋಟ ನೋಡಿದರು, ಆಂಟಿಯನ್ನು ನೋಡಿದರು. ಕಣ್ಣು ತುಂಬಿ ಬಂದದ್ದು ಆಂಟಿಗೋ ಸರ್‌ಗೋ ಮೊದಲು ಎಂದು ಹೇಳಲಾರೆ, ನನ್ನ ಕಣ್ಣೂ ಸರಿಯಾಗಿ ಕಾಣುತ್ತಿರಲಿಲ್ಲ. ಎಡಗೈ ಚಮಚವನ್ನು ಅದ್ದಿತು. ಈ ಸಲ ಬಾಯಿಗೆ ಹೋಯಿತು. ಗಂಟಲು ನಿಂತು, ಪ್ರಯತ್ನಪಟ್ಟು, ಇಳಿಸಿತು. ಇನ್ನೊಂದು ಚಮಚ. ಇನ್ನೊಂದು. ಲೋಟ ಖಾಲಿಯಾಯಿತು.

ಆಮೇಲೆ ಸರ್ ಏನೋ ಗೊಣಗಿದರು. ನಾನು ಬಗ್ಗಿ ಕಿವಿಗೊಟ್ಟೆ.

"ಜೇನು... ಹದ. ಯಾವ... ಜೇನು?"

ಡಾಕ್ಟರು ಹೇಳಿದ್ದು ಅವರ ಮನಸ್ಸಿನಲ್ಲಿ ಅಷ್ಟು ದಿನ ಕೊರೆಯುತ್ತಿತ್ತು. ಯಾವ ಜೇನು, ಎಷ್ಟು ಬಿಸಿ ಎಂದು ಯಾರೂ ಹೇಳಿರಲಿಲ್ಲ. ಕೇಳಿಕೊಂಡು ಬರುತ್ತೇನೆ ಸರ್ ಎಂದೆ.

ನಳಿಗೆ ಹಾಕುವುದು ತಪ್ಪಿತು. ಆ ಮನೆಯಲ್ಲಿ ಸುಳ್ಳು ನೀರು, ಸುಳ್ಳು ಸಾರು, ಸುಳ್ಳು ಮಜ್ಜಿಗೆ ಎಲ್ಲ ಬಂದವು. ಪ್ಲಾಸ್ಟರಿನ ಸುರುಳಿ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಪಕ್ಕಕ್ಕೆ ಸೇರಿತು. ಮಗಳು ಕನ್ನಡ ಬರೆಯಲು ಕಲಿತದ್ದು ಹಾಗೆ. ಒಮ್ಮೆ ಅವಸರದಲ್ಲಿ ಬರೆಯದೆ ಕೊಟ್ಟಾಗ ಸರ್ ಲೋಟ ಮುಟ್ಟಲಿಲ್ಲವಂತೆ. ಹೀಗೆ ಒಂದು ವರ್ಷದ ಮೇಲೆ ಕಳೆಯಿತು.

ಮೊನ್ನೆ ಮಾತಾಡಿಸಲು ಹೋದೆ. ಚಮಚ ಮತ್ತೆ ಚಪ್ಪಲಿ ಗೂಡಿನ ಮೇಲೆ ಇರಬಹುದು ಎಂದು ನೋಡಿದೆ. ಇರಲಿಲ್ಲ. ಆಂಟಿ ಅದನ್ನು ದೇವರ ಗೂಡಿನಲ್ಲಿ ಇಟ್ಟಿದ್ದರು. ನನ್ನ ಕೈ ಹಿಡಿದುಕೊಂಡು ಕೂತು, ಕೊನೆಯ ದಿನದ್ದು ಹೇಳಿದರು.

"ಬೆಳಿಗ್ಗೆಯಿಂದ ಉಸಿರು ಮೇಲೇನೇ ಇತ್ತಮ್ಮಾ. ಡಾಕ್ಟರು ನೋಡಿ, ಇನ್ನು ಏನೂ ಇಲ್ಲ, ಹತ್ತಿರ ಇರಿ ಅಂದ್ರು. ಹರಿದ್ವಾರದಿಂದ ತಂದಿಟ್ಟ ಗಂಗೆ ಗಿಂಡಿ ಇತ್ತು, ಒಡೆದೆ. ಇವಳು ಪಾಪ, ಅಭ್ಯಾಸದಲ್ಲಿ ಪುಡಿ ಡಬ್ಬಿ ತಂದು ನಿಂತಳು. ಬೇಡ ಮಗಾ ಅಂದೆ. ಅವರದೇ ಚಮಚದಲ್ಲಿ ತಗೊಂಡು, ಅವರ ಕಣ್ಣೆದುರು ಎತ್ತಿ ಬಿಟ್ಟು ತೋರಿಸಿದೆ. ಸಳಸಳ ಅಂತ ಬಿತ್ತು. ರೀ, ಇದು ನಿಜ ಕಣ್ರೀ ಅಂದೆ. ಬಾಯಿ ತೆಗೆದ್ರು."